ಗುಮಾಸ್ತರ ಚಾವಡಿಯಲ್ಲಿ ರಾತ್ರಿ ಒಂಬತ್ತರ ಆಟ

ಮಂಜೇಶ್ವರ: ಹಗಲಿಡೀ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಚಿನ್ನದ ಸಾಲದ ಲೆಕ್ಕ. ಸಂಜೆ ಅಡಿಕೆ ತೋಟಕ್ಕೊಂದು ಸುತ್ತು. ರಾತ್ರಿ ಊಟ ಮುಗಿದ ಮೇಲೆ ಒಂಬತ್ತರಿಂದ ಒಂಬತ್ತೂವರೆಯವರೆಗೆ ವಿಡಿಯೋ ಗೇಮ್!

ಮಂಜೇಶ್ವರ ಸಮೀಪದ ಹಳ್ಳಿಯೊಂದರ ಈ ಗುಮಾಸ್ತರಿಗೆ ಈಗ ನಲವತ್ತಾರು. ಹೆಸರು ಪೇಪರಿನಲ್ಲಿ ಬರಬಾರದೆಂಬುದು ಅವರ ಒಂದೇ ಷರತ್ತು. 'ಬ್ಯಾಂಕಿಗೆ ಬರುವವರು ನಗಾಡ್ತಾರೆ. ಈ ಪ್ರಾಯದಲ್ಲಿ ಇವರಿಗೆ ಇದೆಂತದು ಮರ್ಲು ಅಂತ ಕೇಳ್ತಾರೆ' ಎಂದು ಅವರೇ ನಗುತ್ತಾರೆ.

ಮರ್ಲು ಹಿಡಿದದ್ದು ಇಂದು ನಿನ್ನೆಯಲ್ಲ. ತೊಂಬತ್ತರ ದಶಕದ ಕೊನೆಗೆ ಮಂಗಳೂರಿನಲ್ಲಿ ಕಾಲೇಜು ಓದುವಾಗ ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು 'ರೋಡ್ ರಾಶ್' ಬೈಕ್ ಓಡಿಸಿದವರು ಅವರು. 1989ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಶಿಯಾ'ದ ರಾಜಕುಮಾರನನ್ನು ಮುಳ್ಳಿನ ಗುಂಡಿಗೆ ಬೀಳಿಸಿ ಕೊಂದದ್ದಕ್ಕೆ ಲೆಕ್ಕವೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನೋಕಿಯಾ ಮೊಬೈಲಿನ ಹಾವಿನ ಆಟ. ಮದುವೆ, ಮನೆ ಸಾಲ, ಮಗಳು ಎಂದಾದ ಮೇಲೆ ಎಲ್ಲವೂ ನಿಂತಿತ್ತು. 2020ರಲ್ಲಿ ಮಗಳ ಆನ್‌ಲೈನ್ ತರಗತಿಗೆಂದು ಲ್ಯಾಪ್‌ಟಾಪ್ ಬಂತು. ತರಗತಿ ಮುಗಿಯಿತು, ಲ್ಯಾಪ್‌ಟಾಪ್ ಮನೆಯಲ್ಲೇ ಉಳಿಯಿತು. ಹಳೆ ಚಟ ಮೆಲ್ಲನೆ ಮರಳಿತು.

ಈಗ ಮನೆಯಲ್ಲಿ ಮೂರು ನಿಯಮ. ಆಟ ಕೋಣೆಯೊಳಗಲ್ಲ, ಎಲ್ಲರಿಗೂ ಕಾಣುವಂತೆ ಚಾವಡಿಯಲ್ಲಿ. ದಿನಕ್ಕೆ ಅರ್ಧ ಗಂಟೆ ಮಾತ್ರ. ಒಮ್ಮೆ ಕ್ರಯಕ್ಕೆ ತೆಗೆದುಕೊಂಡ ಮೇಲೆ ಆಟದೊಳಗೆ ಮತ್ತೆ ದುಡ್ಡು ಹಾಕುವಂತಿಲ್ಲ. ಕಳೆದ ಕೆಲವು ತಿಂಗಳಲ್ಲಿ ಅಪ್ಪ, ಮಗಳು ಸೇರಿ ಆಡಿದ ಆಟಗಳು ಆರು. ಅವುಗಳ ಬಗ್ಗೆ ಅವರದ್ದೇ ಆದ ಅಭಿಪ್ರಾಯಗಳೂ ಉಂಟು.

ಕೊಳೆರೋಗ ಇಲ್ಲದ ತೋಟ

ಮೊದಲು ಆಡಿದ್ದು 'ಸ್ಟಾರ್‌ಡ್ಯೂ ವ್ಯಾಲಿ'. 2016ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಈ ಆಟವನ್ನು ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ಸುಮಾರು ನಾಲ್ಕೂವರೆ ವರ್ಷ ಒಬ್ಬನೇ ಕೂತು ತಯಾರಿಸಿದ. ಚಿತ್ರ, ಸಂಗೀತ, ಕತೆ ಎಲ್ಲವೂ ಅವನದೇ. 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಕತೆ ಸರಳ. ದೊಡ್ಡ ಕಂಪೆನಿಯಲ್ಲಿ ಕಂಪ್ಯೂಟರ್ ಮುಂದೆ ಬೇಸತ್ತ ನೌಕರನೊಬ್ಬ ಅಜ್ಜ ಬಿಟ್ಟುಹೋದ ಪತ್ರ ತೆರೆಯುತ್ತಾನೆ. ಹಳ್ಳಿಯಲ್ಲಿ ಅಜ್ಜನ ಜಮೀನು ಪಾಳು ಬಿದ್ದಿದೆ. ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಕಳೆ ಕಿತ್ತು, ಬೀಜ ಬಿತ್ತಿ, ದನ ಕೋಳಿ ಸಾಕಿ, ಊರವರ ಸ್ನೇಹ ಸಂಪಾದಿಸಬೇಕು. ಒಂದು ಋತುವಿಗೆ 28 ದಿನ. ಬೆರ್ಚಪ್ಪ ನಿಲ್ಲಿಸದಿದ್ದರೆ ಕಾಗೆ ಬೆಳೆ ತಿನ್ನುತ್ತದೆ. ರಾತ್ರಿ ಎರಡು ಗಂಟೆಯಾದರೂ ಮಲಗದಿದ್ದರೆ ಅಲ್ಲೇ ಬಿದ್ದುಬಿಡುತ್ತಾನೆ.

ತೋಟ ಇರುವ ಗುಮಾಸ್ತರಿಗೆ ಇದು ಹಿಡಿಸಿತು, ನಗುವೂ ಬಂತು. 'ಅಲ್ಲಿ ಕೊಳೆರೋಗ ಇಲ್ಲ, ಹಂದಿ ಕಾಟ ಇಲ್ಲ, ಮಂಗ ಇಲ್ಲ. ಮದ್ದು ಬಿಡಲಿಕ್ಕೆ ಜನ ಹುಡುಕಬೇಕಂತಿಲ್ಲ. ಬೆಳೆದದ್ದನ್ನು ಪೆಟ್ಟಿಗೆಗೆ ಹಾಕಿ ಮಲಗಿದ್ರೆ ಬೆಳಿಗ್ಗೆ ದುಡ್ಡು. ಹಾಗಾದ್ರೆ ಯಾರು ಬೇಕಾದರೂ ಕೃಷಿ ಮಾಡಬಹುದು ಮಾರಾಯ್ರೆ!' ಎಂಬುದು ಅವರ ಟೀಕೆ.

ಆದರೆ ಒಂದು ಅಂಶ ಅವರನ್ನು ಹಿಡಿದು ನಿಲ್ಲಿಸಿತು. ಮೂರನೇ ವರ್ಷದ ಮೊದಲ ದಿನ ಅಜ್ಜನ ಆತ್ಮ ಬಂದು, ಮೊಮ್ಮಗ ಜಮೀನು ಹೇಗೆ ನೋಡಿಕೊಂಡ ಎಂದು ಪರೀಕ್ಷಿಸುತ್ತದೆ. ತಂದೆ ತೀರಿಹೋದ ಮೇಲೆ ತೋಟದ ಒಂದು ಮೂಲೆಯನ್ನು ಹಾಗೇ ಬಿಟ್ಟದ್ದು ಆಗ ಅವರಿಗೆ ನೆನಪಾಯಿತಂತೆ. ಮರುವಾರ ಜನ ಮಾಡಿ ಆ ಮೂಲೆಯ ಕಾಡು ಕಡಿಸಿದರು ಎನ್ನುವುದು ಅವರ ಪತ್ನಿ ಕೊಡುವ ಸಾಕ್ಷ್ಯ.

ಗಡಿ ಠಾಣೆಯ ಮೇಜು

ಎರಡನೆಯದು 'ಪೇಪರ್ಸ್, ಪ್ಲೀಸ್'. ಲೂಕಸ್ ಪೋಪ್ ಎಂಬವರು 2013ರ ಆಗಸ್ಟ್‌ನಲ್ಲಿ ಹೊರತಂದ ಆಟ ಇದು. ಕಾಲ 1982. 'ಆರ್ಸ್ಟೋಟ್ಸ್ಕಾ' ಎಂಬ ಕಾಲ್ಪನಿಕ ದೇಶದಲ್ಲಿ ಲಾಟರಿಯಲ್ಲಿ ಹೆಸರು ಬಂದು ಆಟಗಾರನಿಗೆ ಗಡಿ ತಪಾಸಣಾ ಠಾಣೆಯಲ್ಲಿ ಕೆಲಸ ಸಿಗುತ್ತದೆ. ಸಾಲಿನಲ್ಲಿ ಬರುವವರ ಪಾಸ್‌ಪೋರ್ಟ್ ನೋಡಿ ಹಸಿರು ಮುದ್ರೆಯೋ ಕೆಂಪು ಮುದ್ರೆಯೋ ಒತ್ತಬೇಕು. ಅಷ್ಟೇ ಕೆಲಸ.

ಸಂಬಳ ತಲೆ ಲೆಕ್ಕದಲ್ಲಿ. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಸಂಜೆ ಸಿಕ್ಕಿದ ದುಡ್ಡಿನಲ್ಲಿ ಬಾಡಿಗೆ, ಊಟ, ಚಳಿಗೆ ಬಿಸಿ, ಮನೆಯವರ ಔಷಧ ಎಲ್ಲವೂ ಆಗಬೇಕು. ದಿನ ಹೋದಂತೆ ನಿಯಮ ಹೆಚ್ಚುತ್ತದೆ, ಕಾಗದ ಹೆಚ್ಚುತ್ತದೆ.

'ಬ್ಯಾಂಕಿನಲ್ಲಿ ನಾನು ಮಾಡುವುದೂ ಅದನ್ನೇ ಅಲ್ವಾ? ಸಹಿ ಹೊಂದ್ತದಾ, ಫೋಟೋ ಸರಿ ಉಂಟಾ ಅಂತ ನೋಡುವುದು' ಎನ್ನುವ ಗುಮಾಸ್ತರು ಮೊದಲ ದಿನಗಳಲ್ಲಿ ಒಂದೇ ಒಂದು ತಪ್ಪು ಮಾಡಲಿಲ್ಲ. ಬಣ್ಣದ ಕಡ್ಡಿಯಲ್ಲಿ ಗೀಚಿದ ಪಾಸ್‌ಪೋರ್ಟ್ ಹಿಡಿದು, ಇಲ್ಲದ ದೇಶದ ಹೆಸರು ಹೇಳಿಕೊಂಡು ಬರುವ ಮುದುಕನನ್ನು ಕಂಡು ಮಗಳು ಬಿದ್ದು ಬಿದ್ದು ನಕ್ಕಳು.

ನಗು ನಿಂತದ್ದು ಒಂದು ದಂಪತಿ ಬಂದಾಗ. ಗಂಡನ ಕಾಗದ ಸರಿಯಿದೆ, ಆತ ದಾಟುತ್ತಾನೆ. ಹಿಂದಿನಿಂದ ಬಂದ ಹೆಂಡತಿಯ ಬಳಿ ಪ್ರವೇಶ ಪತ್ರವಿಲ್ಲ. ಬಿಟ್ಟರೆ ತಪ್ಪು, ಬಿಡದಿದ್ದರೆ ಸಂಸಾರ ಎರಡು ಪಾಲು. ಗುಮಾಸ್ತರು ಕೆಂಪು ಮುದ್ರೆ ಎತ್ತಿದರು. 'ಅಪ್ಪ, ಬಿಡಿ ಅವರನ್ನು' ಎಂದಳು ಮಗಳು. ಚಾವಡಿಯ ಮೂಲೆಯಲ್ಲಿ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದ ಅಜ್ಜಿ, 'ತಲಪಾಡಿಯ ಹಾಗೆಯೇ ಉಂಟಲ್ಲ ಇದು' ಎಂದರು.

ಗಡಿನಾಡಿನವರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡುವ ಭಯದಿಂದ ಕರ್ನಾಟಕವು ಕಾಸರಗೋಡು ಕಡೆಯ ರಸ್ತೆಗಳನ್ನು ಮುಚ್ಚಿತ್ತು. ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಗಿತ್ತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ಈಚೆಗೆ ಉಳಿದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತಲಪಾಡಿಯ ಮೂಲಕ ರೋಗಿಗಳನ್ನು ಬಿಡುವ ಕ್ರಮಕ್ಕೆ ಒಪ್ಪಿಗೆಯಾಗಿದೆ ಎಂದು ಏಪ್ರಿಲ್ 7ರಂದು ಕೇಂದ್ರ ಅಲ್ಲಿ ತಿಳಿಸಿತು. ಆಗಷ್ಟೇ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದ ಅಜ್ಜಿ ಆ ವಾರಗಳಲ್ಲಿ ತಪಾಸಣೆಗೆ ಹೋಗಲಾಗದೆ ಮನೆಯಲ್ಲೇ ಕುಳಿತಿದ್ದರು.

ಕೊನೆಗೆ ಆ ರಾತ್ರಿ ಬಿದ್ದದ್ದು ಹಸಿರು ಮುದ್ರೆ. 'ದಂಡ ಬೀಳಲಿ, ಹೋಗಲಿ. ಮೇಜಿನ ಆಚೆ ಬದಿ ಕೂತವನಿಗೂ ಕಷ್ಟ ಉಂಟು ಅಂತ ಗೊತ್ತಾಯ್ತು. ಆದರೆ ಸಾಲಿನಲ್ಲಿ ನಿಂತವನ ಕಷ್ಟ ನಮಗೆ ಮೊದಲೇ ಗೊತ್ತಿತ್ತು' ಎಂಬುದು ಗುಮಾಸ್ತರ ಮಾತು. ಆರರಲ್ಲಿ ಅವರು ಅತಿ ಹೆಚ್ಚು ಅಂಕ ಕೊಡುವುದು ಈ ಆಟಕ್ಕೆ.

ದ್ವೀಪಕ್ಕೆ ಇಳಿದು ನಾಲ್ಕೇ ನಿಮಿಷ

ಮೂರನೆಯದು ಪಕ್ಕದ ಮನೆಯ ಹುಡುಗನ ಒತ್ತಾಯಕ್ಕೆ ಮೊಬೈಲಿನಲ್ಲಿ ಆಡಿದ 'ಬಿಜಿಎಂಐ'. ಭಾರತದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ 'ಪಬ್‌ಜಿ ಮೊಬೈಲ್' ನಿಷೇಧವಾದ ಬಳಿಕ, ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪೆನಿ 2021ರ ಜುಲೈಯಲ್ಲಿ ತಂದ ಆಟವಿದು. 2022ರ ಜುಲೈಯಲ್ಲಿ ಇದನ್ನೂ ತೆಗೆಯಲಾಗಿತ್ತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನೂರು ಮಂದಿ ಪ್ಯಾರಾಚೂಟಿನಲ್ಲಿ ದ್ವೀಪಕ್ಕೆ ಇಳಿಯುತ್ತಾರೆ. ಆಯುಧ ಹುಡುಕಿ ಪರಸ್ಪರ ಗುಂಡು ಹಾರಿಸಬೇಕು. ಸುರಕ್ಷಿತ ಜಾಗದ ವೃತ್ತ ಕಿರಿದಾಗುತ್ತಾ ಹೋಗುತ್ತದೆ. ಕೊನೆಗೆ ಉಳಿದವನು ಗೆದ್ದ.

ಗುಮಾಸ್ತರು ಉಳಿದದ್ದು ನಾಲ್ಕು ನಿಮಿಷ. 'ಬಾಗಿಲು ತೆರೆಯುವುದು ಹೇಗಂತ ನೋಡುವಾಗಲೇ ಯಾರೋ ಹಿಂದಿನಿಂದ ಹೊಡೆದ' ಎಂದು ಅಳಲು ತೋಡಿಕೊಳ್ಳುತ್ತಾರೆ. ಆದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಾಗ ಬೇರೊಂದು ಸಂಗತಿ ಗಮನಕ್ಕೆ ಬಂತು. ಪಕ್ಕದ ಮನೆಯ ಹುಡುಗ ತನ್ನ ತಂಡದವರೊಡನೆ ಒಂದೇ ಉಸಿರಿನಲ್ಲಿ ತುಳು, ಮಲಯಾಳಂ, ಹಿಂದಿ ಮಾತನಾಡುತ್ತಿದ್ದ. ಕನ್ನಡ ಮಾತ್ರ ಇರಲಿಲ್ಲ. 'ಕನ್ನಡ ಶಾಲೆಯಲ್ಲೇ ಕಲಿತ ಹುಡುಗ. ಕೇಳಿದ್ದಕ್ಕೆ, ಅಲ್ಲಿ ಯಾರಿಗೆ ಬರ್ತದೆ ಅಂಕಲ್ ಅಂದ.'

ಬೊಂಬೆಯಾಟದ ನೆರಳು

ನಾಲ್ಕನೆಯದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ತಂದ 'ರಾಜಿ'. ಮನೆಯ ಲ್ಯಾಪ್‌ಟಾಪ್ ಈ ಆಟಕ್ಕೆ ಏದುಸಿರು ಬಿಟ್ಟಿದ್ದರಿಂದ ಬೇಸಿಗೆ ರಜೆಯಲ್ಲಿ ಮಂಗಳೂರಿನ ತಂಗಿ ಮನೆಗೆ ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಆಡಿದರು. ಅಸುರರು ಎತ್ತಿಕೊಂಡು ಹೋದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಟ ರಾಜಿ ಎಂಬ ಬಾಲೆಯ ಕತೆ. ರಾಜಸ್ತಾನದ ಕೋಟೆಗಳಂಥ ಕಟ್ಟಡಗಳು, ಪಹಾಡಿ ಚಿತ್ರಕಲೆಯ ಬಣ್ಣ. ನಡುನಡುವೆ ದುರ್ಗೆ ಮತ್ತು ವಿಷ್ಣು ಮಾತನಾಡಿಕೊಳ್ಳುತ್ತಾರೆ. ಕತೆಯ ಭಾಗಗಳು ನೆರಳು ಬೊಂಬೆಯಾಟದಂತೆ ಸಾಗುತ್ತವೆ.

ಹೊಡೆದಾಟ ಗುಮಾಸ್ತರ ಕೈಗೆ ಬಗ್ಗಲಿಲ್ಲ. ಅದನ್ನೆಲ್ಲ ಮಗಳೇ ನಿಭಾಯಿಸಿದಳು. ಆಟ ಸ್ವಲ್ಪ ಚಿಕ್ಕದು, ಕೊನೆ ಅರ್ಧಕ್ಕೆ ನಿಂತ ಹಾಗೆ ಎಂಬುದು ಇಬ್ಬರದೂ ದೂರು. ಆದರೆ ಅಸುರ ಬಂದು ನಿಂತಾಗಲೆಲ್ಲ ಇಬ್ಬರಿಗೂ ಒಂದೇ ಯೋಚನೆ. 'ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಬಣ್ಣದ ವೇಷ ದೀವಟಿಗೆ ಹಿಡಿದು ಸಭೆಯ ನಡುವಿನಿಂದ ಅಬ್ಬರಿಸಿ ಬರುವುದನ್ನು ಒಂದು ಗೇಮಿನಲ್ಲಿ ಹಾಕಿದ್ರೆ ಹೇಗಿರ್ತದೆ! ಚೆಂಡೆ ಪೆಟ್ಟಿಗೆ ಸರಿಯಾಗಿ ಗುಂಡಿ ಒತ್ತಬೇಕು' ಎನ್ನುವಾಗ ಅವರ ಕಣ್ಣು ಮಿನುಗುತ್ತದೆ.

ಅಜ್ಜಿಗೂ ಒಂದು ಆಟ

ಐದನೆಯದು ಎಲ್ಲಕ್ಕಿಂತ ಹಳೆಯದು. ಅಂದಿನ ಸೋವಿಯತ್ ಒಕ್ಕೂಟದ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಮಾಡಿದ 'ಟೆಟ್ರಿಸ್'. ಕಾಸರಗೋಡು ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಮೇಲಿನಿಂದ ಇಳಿಯುವ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸುವ ಈ ಆಟಕ್ಕೆ ಭಾಷೆ ಬೇಕಿಲ್ಲ, ಕತೆಯೂ ಇಲ್ಲ. ಎಪ್ಪತ್ತೆಂಟರ ಅಜ್ಜಿಗೆ ಎರಡೇ ದಿನದಲ್ಲಿ ಬಂತು. 'ಸೌದೆ ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ ಹಾಗೆ. ಸಂದು ಬಿಟ್ರೆ ಮೇಲಿಂದ ಜರಿತದೆ' ಎಂದು ಅವರು ಒಂದೇ ವಾಕ್ಯದಲ್ಲಿ ಆಟದ ಗುಟ್ಟು ಹೇಳಿದರು.

2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ ಇದರ ಹಳೆಯ ನಿಂಟೆಂಡೋ ಆವೃತ್ತಿಯನ್ನು 157ನೇ ಹಂತದವರೆಗೆ ಆಡಿ, ಮುಂದೆ ಹೋಗಲಾರದೆ ಆಟವೇ ಸ್ತಬ್ಧವಾಗುವಂತೆ ಮಾಡಿದ. ಮನುಷ್ಯನೊಬ್ಬ ಅಲ್ಲಿವರೆಗೆ ತಲುಪಿದ್ದು ಅದೇ ಮೊದಲು. ಅಜ್ಜಿ ಸದ್ಯ ಆರನೇ ಹಂತದಲ್ಲಿದ್ದಾರೆ.

ಇಡ್ಲಿ ತಟ್ಟೆಯ ಕತೆ

ಆರನೆಯದು ಮನೆಯ ಅರ್ಧ ಗಂಟೆಯ ನಿಯಮ ಮುರಿಸಿದ ಆಟ. ಹೆಸರು 'ವೆಂಬಾ'. ಕೆನಡಾದ ಟೊರೊಂಟೊದಲ್ಲಿರುವ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರ ಜುಲೈ ಕೊನೆಗೆ ಬಿಡುಗಡೆ ಮಾಡಿತು. 2024ರ ಬಾಫ್ಟಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚೊಚ್ಚಲ ಆಟ ಎಂಬ ಗೌರವ ಇದಕ್ಕೆ ಬಂತು.

1988ರಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಂಬಾ, ಅವಳ ಗಂಡ ಪಾವಲನ್, ಅಲ್ಲೇ ಹುಟ್ಟಿದ ಮಗ ಕವಿನ್ ಇದರ ಪಾತ್ರಗಳು. ಅಮ್ಮ ಕೊಟ್ಟ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದಿದೆ, ಅಕ್ಷರ ಅಳಿಸಿದೆ. ಉಳಿದ ಸುಳಿವಿನಿಂದ ಕ್ರಮ ಕಂಡುಹಿಡಿದು ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಮಗ ಬೆಳೆದಂತೆ ಇಂಗ್ಲಿಷಿಗೆ ವಾಲುತ್ತಾನೆ. ಮನೆಯ ಮಾತಿಗೆ, ಊಟಕ್ಕೆ ನಾಚುತ್ತಾನೆ. ಇಡೀ ಆಟ ಒಂದೂವರೆ ಗಂಟೆಯದ್ದು.

ಮಳೆಗೆಂದು ಜಿಲ್ಲಾಧಿಕಾರಿ ಶಾಲೆಗೆ ರಜೆ ಸಾರಿದ ಒಂದು ದಿನ ಅಪ್ಪ, ಮಗಳು ಕೂತರು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಲ್ಲಿ ಅಪ್ಪ ಎರಡು ಸಲ ಸೋತರು. ಅಡುಗೆ ಮನೆಯಿಂದಲೇ ಇಣುಕಿದ ಅಂಗನವಾಡಿ ಶಿಕ್ಷಕಿ ಪತ್ನಿ, 'ಇಷ್ಟು ವರ್ಷ ತಿಂದದ್ದು ಮಾತ್ರ, ಇಡುವುದು ಹೇಗಂತ ಒಂದು ದಿನ ನೋಡಿದ್ದೀರಾ ನೀವು?' ಎಂದು ಕೇಳಿದಾಗ ಉತ್ತರವಿರಲಿಲ್ಲ.

ಆಟದ ಕೊನೆಯ ಭಾಗದಲ್ಲಿ ದೊಡ್ಡವನಾದ ಕವಿನ್ ಅಮ್ಮನ ಪುಸ್ತಕ ಹಿಡಿದು ಒಬ್ಬನೇ ಒಲೆಯ ಮುಂದೆ ನಿಲ್ಲುತ್ತಾನೆ. ಅವನಿಗೆ ತಮಿಳು ಅಕ್ಷರ ಅರ್ಧಂಬರ್ಧ. ಆಟಗಾರನಿಗೂ ಅಷ್ಟೇ ಅರ್ಥವಾಗುತ್ತದೆ. ಅಲ್ಲಿಗೆ ಬಂದಾಗ ಗುಮಾಸ್ತರು ಮೌನವಾದರು. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಮಗಳನ್ನು ಈ ಜೂನ್‌ನಲ್ಲಿ ಎಂಟನೆಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದು ಅವರೇ.

'ತಪ್ಪು ಮಾಡಿದೆ ಅಂತ ಹೇಳುವುದಿಲ್ಲ. ಮುಂದೆ ಕಾಲೇಜು, ಕೆಲಸ ಎಲ್ಲ ನೋಡ್ಬೇಕಲ್ಲ. ನಮ್ಮ ಕಷ್ಟ ಅವಳಿಗೆ ಬೇಡ ಅಂತ ಮಾಡಿದ್ದು. ಆದರೆ ಮನೆಯಲ್ಲಿ ಉಳಿಸಿಕೊಳ್ಳುವ ಕೆಲಸ ಇನ್ನು ಶಾಲೆಯದ್ದಲ್ಲ, ನಮ್ಮದು. ಅದು ಆ ದಿನ ಹೊಳೆಯಿತು' ಎನ್ನುತ್ತಾರೆ ಅವರು. ಪತ್ನಿಯ ಅಭಿಪ್ರಾಯವೂ ಅದೇ. ಮಾಧ್ಯಮ ಬದಲಾಯಿಸಬೇಕೆಂದು ಹೆಚ್ಚು ಹಟ ಹಿಡಿದದ್ದು ತಾನೇ ಎಂಬುದನ್ನು ಅವರು ಮುಚ್ಚಿಡುವುದಿಲ್ಲ.

ಹಂಗೇರಿಗೆ ಉಂಟು, ನಮಗಿಲ್ಲ

ಆಟಗಳ ಭಾಷಾ ಪಟ್ಟಿ ನೋಡುವುದು ಈಗ ಮಗಳ ಹೊಸ ಹವ್ಯಾಸ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಜರ್ಮನ್, ಜಪಾನಿ, ಕೊರಿಯನ್, ರಷ್ಯನ್, ಟರ್ಕಿಶ್ ಸಾಲಿನಲ್ಲಿ ಹಂಗೇರಿಯನ್ ಕೂಡ ಇದೆ. ಹಂಗೇರಿ ದೇಶದ ಜನಸಂಖ್ಯೆ ಒಂದು ಕೋಟಿಗಿಂತ ಕಡಿಮೆ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಆದರೂ ಆ ಪಟ್ಟಿಯಲ್ಲಿ ಕನ್ನಡವಿಲ್ಲ.

'ಜನ ಇದ್ದರೆ ಸಾಲದು, ಆ ಭಾಷೆಯಲ್ಲಿ ಕೊಟ್ಟರೆ ಕೊಳ್ಳುವವರು ಇದ್ದಾರೆ ಅಂತ ಮಾಡುವವನಿಗೆ ಗೊತ್ತಾಗ್ಬೇಕು. ನಾವು ಕೇಳಿಯೇ ಇಲ್ಲ' ಎಂಬುದು ಬ್ಯಾಂಕ್ ಗುಮಾಸ್ತರ ಲೆಕ್ಕಾಚಾರ. ವೆಂಬಾ ಮಾಡಿದವರು ಕೆನಡಾದಲ್ಲಿ ಕೂತು ತಮ್ಮ ಅಮ್ಮಂದಿರ ಅಡುಗೆಯನ್ನೇ ಆಟ ಮಾಡಿದರು, ಲೋಕ ಕೊಂಡುಕೊಂಡಿತು ಎಂದು ಅವರು ನೆನಪಿಸುತ್ತಾರೆ.

ಕುಡ್ತೆ ಅಂದ್ರೆ ಎಷ್ಟು?

ಆಟ ಮುಗಿದ ಸಂಜೆಯೇ ಮಗಳು ಅಜ್ಜಿಯ ಹಳೇ ನೋಟ್‌ಬುಕ್ ಕೇಳಿದಳು. ಮದುವೆಯಾಗಿ ಬಂದ ವರ್ಷದಿಂದ ಅಜ್ಜಿ ಅದರಲ್ಲಿ ಅಡುಗೆ ಬರೆದಿಟ್ಟಿದ್ದಾರೆ. ಕೂಡಿಸಿ ಬರೆದ ಅಕ್ಷರ, ಎಣ್ಣೆ ಕಲೆ, ಒಂದೆರಡು ಪುಟಕ್ಕೆ ಗೆದ್ದಲು. ಪತ್ರೊಡೆಯ ಪುಟವೊಂದನ್ನು ಓದಿ ಮುಗಿಸಲು ಮಗಳಿಗೆ ಕಾಲು ಗಂಟೆ ಬೇಕಾಯಿತು.

'ಕುಡ್ತೆ ಅಂದ್ರೆ ಎಷ್ಟು ಅಜ್ಜಿ?' ಎಂದು ಅವಳು ಕೇಳಿದಳು. ಅಜ್ಜಿ ಎದ್ದುಹೋಗಿ ಅಟ್ಟದ ಡಬ್ಬಿಯಿಂದ ಹಿತ್ತಾಳೆಯ ಅಳತೆ ಪಾತ್ರೆ ತಂದು ಕೈಗಿಟ್ಟರು. ಮಗಳು ನೆನೆಸಿದ ಅಕ್ಕಿಗೆ ಮೆಣಸು, ಹುಳಿ, ತೆಂಗಿನಕಾಯಿ ಸೇರಿಸಿ ಅರೆದು, ಕೆಸುವಿನ ಎಲೆಗೆ ಹಚ್ಚಿ ಸುತ್ತಿ ಬೇಯಿಸಿದಳು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ, ಅಜ್ಜಿಯೊಬ್ಬರನ್ನು ಬಿಟ್ಟು!

ಈಗ ವಾರಕ್ಕೊಂದು ರಾತ್ರಿ ಆಟಕ್ಕೆ ರಜೆ. ಆ ಅರ್ಧ ಗಂಟೆ ನೋಟ್‌ಬುಕ್‌ನ ಒಂದು ಪುಟ ಓದಿ, ಹೊಸ ಪುಸ್ತಕಕ್ಕೆ ಬಿಡಿ ಅಕ್ಷರದಲ್ಲಿ ಬರೆಯುವ ಕೆಲಸ. ಹದಿನೇಳು ಪುಟ ಆಗಿದೆ, ಇನ್ನೂ ನಲವತ್ತರಷ್ಟು ಬಾಕಿ. ಉಳಿದ ಆರು ರಾತ್ರಿ ಎಂದಿನಂತೆ ಚಾವಡಿಯಲ್ಲಿ ಆಟ. ಏಳನೇ ಆಟ ಯಾವುದಾಗಬೇಕೆಂಬ ಬಗ್ಗೆ ಅಪ್ಪ, ಮಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ.

ಹೆತ್ತವರ ಗಮನಕ್ಕೆ

* ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ಬೇರೆ, ಮನೋರಂಜನೆಯ ಆಟ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದೃಷ್ಟದ ಆಟವೇ ಇರಲಿ, ಕೌಶಲದ್ದೇ ಇರಲಿ, ಎರಡಕ್ಕೂ ಇದು ಅನ್ವಯ.

* ಪುಕ್ಕಟೆ ಎಂದು ಬರುವ ಮೊಬೈಲ್ ಆಟಗಳು ಒಳಗೆ ಹೋದ ಮೇಲೆ ಬಟ್ಟೆ, ಆಯುಧ, ನಾಣ್ಯ ಎಂದು ದುಡ್ಡು ಕೇಳುವುದುಂಟು. ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಯುಪಿಐ ಪಿನ್ ಅಥವಾ ಕಾರ್ಡ್ ವಿವರ ಇರಿಸಬೇಡಿ.

* ಆಟದಲ್ಲಿ ಪರಿಚಯವಾದ ಅಪರಿಚಿತರಿಗೆ ಫೋಟೋ, ವಿಳಾಸ, ಒಟಿಪಿ ಕೊಡದಂತೆ ಮೊದಲೇ ಹೇಳಿಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

* ಮಗು ಏನು ಆಡುತ್ತಿದೆ ಎಂದು ತಿಳಿಯಲು ಪಕ್ಕದಲ್ಲಿ ಕೂತು ಒಮ್ಮೆ ಆಡಿ ನೋಡುವುದು ಒಳ್ಳೆಯದು. ನಾಲ್ಕು ನಿಮಿಷದಲ್ಲಿ ಸೋತರೂ ಪರವಾಗಿಲ್ಲ!